ಜೆರಾಕ್ಸ್ ಅಂಗಡಿಯಲ್ಲಿ ಕಲಿತದ್ದು

ಮಂಡ್ಯದಲ್ಲಿ ಸರ್ಕಾರಿ ಕಚೇರಿಗಳಿರುವ ಕಡೆ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಲ್ಯಾಮಿನೇಷನ್, ಪಾಸ್‌ಪೋರ್ಟ್ ಸೈಜ್ ಫೋಟೊ, ಆನ್‌ಲೈನ್ ಅರ್ಜಿ ಎಲ್ಲಾ ಮಾಡುತ್ತೇನೆ. ಬರುವವರು ಜಾಸ್ತಿ ಹಳ್ಳಿಯವರು. ಪಹಣಿ, ಆದಾಯ ಪ್ರಮಾಣ ಪತ್ರ, ವೃದ್ಧಾಪ್ಯ ವೇತನ, ರೇಷನ್ ಕಾರ್ಡಿಗೆ ಸೊಸೆ ಹೆಸರು ಸೇರಿಸೋದು, ಹೀಗೆ ಏನೋ ಒಂದು ಕೆಲಸ. ಬೆಳಿಗ್ಗೆ ಬಸ್ಸಿಗೆ ಬಂದು, ಕ್ಯೂನಲ್ಲಿ ನಿಂತು, ಕಿಟಕಿ ಹತ್ತಿರ ಹೋದಾಗ 'ಇದಕ್ಕೆ ಕಾಪಿ ಎಲ್ರೀ' ಅನ್ನಿಸಿಕೊಂಡು ನನ್ನ ಹತ್ತಿರ ಬರುತ್ತಾರೆ. ಅಷ್ಟು ಹೊತ್ತಿಗೆ ಮುಖ ಅರ್ಧ ಇಳಿದಿರುತ್ತದೆ.

ಇವರಿಗೆ ಸಹಾಯ ಮಾಡೋದು ದೊಡ್ಡ ವಿಷಯ ಏನಲ್ಲ. ಅವರು ಬಾಯಿಬಿಟ್ಟು ಕೇಳಬೇಕಾದ ಹಾಗೆ ಮಾಡಬಾರದು, ಕಷ್ಟ ಇರೋದು ಅಲ್ಲಿ.

ಓದು ಬರಹ ಬಾರದವರು ಯಾರೂ 'ನಂಗೆ ಬರಲ್ಲ' ಅನ್ನೋದಿಲ್ಲ. 'ಕನ್ನಡಕ ಮನೇಲೇ ಬಿಟ್ ಬಂದೆ ಕಣಪ್ಪ' ಅನ್ನುತ್ತಾರೆ. ಒಬ್ಬ ಅಜ್ಜಿ ಪ್ರತಿ ಸಲವೂ ಕನ್ನಡಕ ಮರೆತೇ ಬರುತ್ತಾರೆ. ಅಂಗಡಿಯಲ್ಲಿ ಓದೋ ಕನ್ನಡಕ ಒಂದು ಇಟ್ಟಿದ್ದೇನೆ, ಆದರೆ ಅದನ್ನು ಅವರ ಕೈಗೆ ಕೊಡೋದಿಲ್ಲ, ಕೊಟ್ಟರೆ ಸಿಕ್ಕಿಹಾಕಿಸಿದ ಹಾಗೆ ಆಗುತ್ತದೆ. ಅದು ನಿಜವಾಗಲೂ ಕನ್ನಡಕ ಬೇಕಾದವರಿಗೆ. ಅಜ್ಜಿಗೆ, 'ಈ ಫಾರಂ ಅಕ್ಷರ ಇರುವೆ ಥರ ಐತವ್ವ, ನಂಗೇ ಕಾಣಕಿಲ್ಲ, ಕೊಡಿ ನಾನೇ ಬರೀತೀನಿ' ಅನ್ನುತ್ತೇನೆ. ಅವರು 'ಹೂಂ ಕಣಪ್ಪ, ಈಗಿನೋರು ಏನ್ ಹಿಂಗ್ ಪ್ರಿಂಟ್ ಹಾಕ್ತಾರೋ' ಅಂತ ಸರ್ಕಾರಕ್ಕೆ ಬೈಯುತ್ತಾ ಬೆಂಚಿನ ಮೇಲೆ ಕೂರುತ್ತಾರೆ. ನಾನು ಬರೆಯುತ್ತೇನೆ. ಇಬ್ಬರಿಗೂ ಗೊತ್ತು, ಇಬ್ಬರೂ ಹೇಳೋದಿಲ್ಲ.

ಬರೆದ ಮೇಲೆ ಸಹಿ. 'ಸೈನಾ, ಹೆಬ್ಬೆಟ್ಟಾ' ಅಂತ ಹತ್ತು ಜನರ ಮುಂದೆ ಕೇಳೋದನ್ನು ನೋಡಿದ್ದೇನೆ, ನೋಡೋಕೇ ಹಿಂಸೆ. ನಾನು ಪೆನ್ನು, ಇಂಕ್ ಪ್ಯಾಡು ಎರಡನ್ನೂ ಪಕ್ಕಪಕ್ಕ ಇಟ್ಟು, 'ಇಲ್ಲಿ ಹಾಕಿ' ಅಂತ ಜಾಗ ತೋರಿಸಿ ಮೆಷಿನ್ ಕಡೆ ತಿರುಗುತ್ತೇನೆ. ಅವರಿಗೆ ಯಾವುದು ಬೇಕೋ ಅದು. ಪಕ್ಕದಲ್ಲಿ ಕೊಬ್ಬರಿ ಎಣ್ಣೆ ಹಚ್ಚಿದ ಬಟ್ಟೆಯೂ ಇರುತ್ತದೆ, ಇಂಕು ಬೇಗ ಬಿಡುತ್ತದೆ. ಇಲ್ಲದಿದ್ದರೆ ನೀಲಿ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಬಸ್ ಹತ್ತುತ್ತಾರೆ.

ಬೆರಳು ಅಂದಾಗ ಇನ್ನೊಂದು. 'ಬೆರಳಚ್ಚು ಮೆಷಿನ್ನು ನಂದು ತಂಬೇ ತಗಳಕಿಲ್ಲ, ನಾನೇನೋ ತಪ್ಪು ಮಾಡಿವ್ನಿ' ಅನ್ನೋ ಥರ ಹೆದರಿಕೊಂಡು ಬರುವವರು ಇದ್ದಾರೆ. ಕಬ್ಬು ಕಡಿದು, ನಾಟಿ ಹಾಕಿ, ಪಾತ್ರೆ ತಿಕ್ಕಿ ಬೆರಳಿನ ಗೆರೆ ಸವೆದಿರುತ್ತದೆ, ಅಷ್ಟೇ. ಆಧಾರ್ ಮಾಡಿಸುವಾಗ ಹತ್ತೂ ಬೆರಳು ಕೊಟ್ಟಿರುತ್ತೀರಿ, ಕಣ್ಣನ್ನೂ ತೆಗೆದಿರುತ್ತಾರೆ, ಹೆಬ್ಬೆರಳು ಆಗದಿದ್ದರೆ ಬೇರೆ ಬೆರಳು ಇಡಿ, ಇಡೋ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಿ, ಏನೂ ಆಗಲಿಲ್ಲ ಅಂದರೆ ಆಧಾರ್ ಕೇಂದ್ರದಲ್ಲಿ ಅಪ್‌ಡೇಟ್ ಮಾಡಿಸಿ ಅನ್ನುತ್ತೇನೆ. ಇಷ್ಟು ಹೇಳೋಕೆ ಒಂದು ನಿಮಿಷ ಸಾಕು. ತಪ್ಪು ನಿಮ್ಮದಲ್ಲ ಅಂತ ಯಾರಾದರೂ ಹೇಳಿದರೆ ಮುಖವೇ ಬೇರೆ ಆಗುತ್ತದೆ.

2023ರಲ್ಲಿ ಗೃಹಲಕ್ಷ್ಮಿ ಅರ್ಜಿ ಶುರುವಾದಾಗ ಅಂಗಡಿ ಮುಂದೆ ಜಾತ್ರೆ. ಮನೆ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಅಂದರೆ ಸುಮ್ನೆನಾ? ಆಗ ನೋಡಿದೆ, ಜನ ಫೋನನ್ನೇ ಕೈಗೆ ಕೊಟ್ಟು 'ಓಟಿಪಿ ನೀವೇ ನೋಡ್ಕಳಿ' ಅನ್ನುತ್ತಾರೆ. ಅಷ್ಟು ನಂಬಿಕೆ. ನಾನು ಫೋನ್ ತಗೊಳ್ಳೋದಿಲ್ಲ. ಮೆಸೇಜ್ ಎಲ್ಲಿದೆ ಅಂತ ತೋರಿಸಿ, ಕೀಬೋರ್ಡ್ ಅವರ ಕಡೆ ತಿರುಗಿಸುತ್ತೇನೆ, ಅಂಕಿ ಬರುವವರು ತಾವೇ ಒತ್ತುತ್ತಾರೆ. ನಿಧಾನ ಆಗುತ್ತದೆ. ಆದರೆ ನಾಳೆ ಇನ್ಯಾವನೋ ಫೋನ್ ಮಾಡಿ ಓಟಿಪಿ ಕೇಳಿದಾಗ ಕೊಡಬಾರದು ಅಂತ ಹೇಳೋಕೆ ಇದಕ್ಕಿಂತ ಒಳ್ಳೆ ಸಮಯ ಇಲ್ಲ. ಹಾಗೇ ಕೆಟ್ಟುಹೋದ ಆಧಾರ್ ಕಾಪಿಗಳನ್ನು ಹರಿದು ಹಾಕುತ್ತೇನೆ. ಗುಜರಿಗೆ ಹಾಕಿದರೆ ಅದು ಬೋಂಡ ಕಟ್ಟೋ ಕಾಗದ ಆಗಿ, ಯಾರದೋ ಫೋಟೊ ನಂಬರು ಎಲ್ಲಾ ಬೀದಿಯಲ್ಲಿ ಬಿದ್ದಿರುತ್ತದೆ.

ದುಡ್ಡಿನ ವಿಷಯ. ಕಾಪಿಗೆ ಕಾಸು ತಗೊಳ್ಳುತ್ತೇನೆ, ಫಾರಂ ಬರೆದಿದ್ದಕ್ಕೆ ಕೇಳೋದಿಲ್ಲ. ಆದರೆ ಅವರಾಗಿ ಕೊಟ್ಟರೆ ಬೇಡ ಅನ್ನೋದಿಲ್ಲ. ಮೊದಮೊದಲು ಬೇಡ ಬೇಡ ಅನ್ನುತ್ತಿದ್ದೆ. ಒಬ್ಬ ಯಜಮಾನ್ರು 'ಯಾಕಪ್ಪ, ನಾನೇನ್ ತಿರ್ಕೊಂಡ್ ತಿನ್ನೋನಾ' ಅಂದರು. ಅವತ್ತಿಂದ ಐದು ರೂಪಾಯಿ ಕೊಟ್ಟರೂ ಕಣ್ಣಿಗೆ ಒತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕುತ್ತೇನೆ. ಅವರೆಕಾಯಿ ಕಾಲದಲ್ಲಿ ಅವರೆಕಾಯಿ ಬರುತ್ತದೆ, ಬೆಲ್ಲ ಬರುತ್ತದೆ, ಅದೂ ಅಷ್ಟೇ. ನಮ್ಮ ಕಡೆ ಋಣ ಇಟ್ಟುಕೊಂಡು ಯಾರೂ ಚೆನ್ನಾಗಿ ನಿದ್ದೆ ಮಾಡೋದಿಲ್ಲ. ತೀರಿಸೋಕೆ ಬಿಡಬೇಕು.

ಅಂಗಡಿ ಮುಂದಿನ ಬೆಂಚು, ಕುಡಿಯೋ ನೀರಿನ ಮಡಕೆ ನಮ್ಮಪ್ಪನ ಕಾಲದ್ದು. ಮೊದಲು ಹಳ್ಳಿ ದಾರಿಗಳಲ್ಲಿ ಹೊರೆಗಲ್ಲು ಇರುತ್ತಿತ್ತು ನೋಡಿ, ಎರಡು ಕಲ್ಲು ನಿಲ್ಲಿಸಿ ಮೇಲೊಂದು ಚಪ್ಪಡಿ, ತಲೆ ಹೊರೆಯವರು ಇನ್ನೊಬ್ಬರನ್ನು ಕೂಗದೆ ತಾವೇ ಇಳಿಸಿ, ತಾವೇ ಎತ್ತಿಕೊಂಡು ಹೋಗಬಹುದಿತ್ತು. ನಮ್ಮ ಬೆಂಚೂ ಹಾಗೇ. ಕಾಪಿ ತೆಗೆಸದವರೂ ಕೂರುತ್ತಾರೆ, ಯಾಕೆ ಅಂತ ಕೇಳೋದಿಲ್ಲ.

ಹೋಗುವಾಗ ಒಂದು ಚೀಟಿ ಕೊಡುತ್ತೇನೆ. ಮುಂದೆ ಯಾವ ಕೊಠಡಿ, ಯಾವ ಕಾಗದ ಮೇಲಿರಬೇಕು, ಮತ್ತೆ ಬರೋದಾದರೆ ಎರಡನೇ, ನಾಲ್ಕನೇ ಶನಿವಾರ ಬೇಡ, ರಜೆ. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ ಚಾರ್ಜ್ ಇಲ್ಲ ನಿಜ, ಆದರೆ ಸುಮ್ನೆ ಬಂದು ಹೋದರೆ ಒಂದು ದಿನದ ಕೂಲಿ ಹೋಯ್ತಲ್ಲ. ಓದೋಕೆ ಬಾರದಿದ್ದರೂ ಚೀಟಿ ಕೆಲಸಕ್ಕೆ ಬರುತ್ತದೆ, ಬಾಗಿಲಲ್ಲಿ ಯಾರಿಗಾದರೂ ತೋರಿಸಿದರೆ ಆಯ್ತು.

ಕಷ್ಟ ಆಗೋದು ರಶ್ ಇದ್ದಾಗ. ಹಿಂದೆ ನಿಂತ ಕಾಲೇಜು ಹುಡುಗರು 'ಅಣ್ಣ, ಎರಡೇ ಕಾಪಿ' ಅಂತ ಗೊಣಗುತ್ತಾರೆ. ಅವರ ಮೇಲೆ ರೇಗಿ ಪ್ರಯೋಜನ ಇಲ್ಲ. 'ಬಾರೋ, ಈ ಅವ್ವಂದು ವಿಳಾಸ ಬರೆದುಕೊಡು, ಅಷ್ಟರಲ್ಲಿ ನಿಂದು ತೆಗೀತೀನಿ' ಅಂತ ಫಾರಂ ಕೈಗೆ ಕೊಡುತ್ತೇನೆ. ಹೆಚ್ಚಿನವರು ಬರೆದುಕೊಡುತ್ತಾರೆ, ಕೆಲವರು ಈಗ ಕೇಳದೆಯೇ ಬೆಂಚಿನಲ್ಲಿ ಕೂತು ಬರೆಯುತ್ತಾರೆ. ಅವರಿಗೆ ನಾನು ಹೇಳಿರೋದು ಒಂದೇ ಮಾತು. ಜಾತಿ ಕಾಲಂ ಬಂದಾಗ ಜೋರಾಗಿ ಕೇಳಬೇಡಿ, ಹಳೇ ಸರ್ಟಿಫಿಕೇಟ್ ಇದ್ದರೆ ಅದನ್ನು ನೋಡಿ ಬರೀರಿ, ಇಲ್ಲದಿದ್ದರೆ ಖಾಲಿ ಬಿಟ್ಟು ನನ್ನ ಹತ್ತಿರ ಕಳಿಸಿ.