ಏರಿ ಹತ್ತುವ ಮುನ್ನ: ಬೋನಾಳ, ಚಿಂಚೋಳಿಗೆ ಎರಡು ರಾತ್ರಿಯ ಹಕ್ಕಿ ಪ್ರವಾಸ

ಹೋದ ಚಳಿಗಾಲದಲ್ಲಿ ಬೋನಾಳ ಕೆರೆಯ ಏರಿಗೆ ಆತು, ಜಾಲಿ ಪೊದೆಯ ಮರೆಯಲ್ಲಿ ಕುಳಿತಿದ್ದೆ. ಮೂಡಣ ಆಗಷ್ಟೇ ಕೆಂಪೇರುತ್ತಿತ್ತು. ಒಂದು ಟೆಂಪೊ ಬಂದು ಏರಿಯ ಬುಡದಲ್ಲೇ ನಿಂತಿತು. ನಾಲ್ಕು ಬಾಗಿಲು ದಡದಡನೆ ಬಡಿದುಕೊಂಡವು. ಹತ್ತು ಹನ್ನೆರಡು ಮಂದಿ ಬಣ್ಣಬಣ್ಣದ ಜಾಕೆಟ್ಟು ತೊಟ್ಟು ಏರಿಯ ನೆತ್ತಿಗೆ ಓಡಿದರು. ಅವರು ಮೇಲೆ ಮುಟ್ಟುವಷ್ಟರಲ್ಲಿ ದಂಡೆಯಲ್ಲಿದ್ದ ಬಾತುಗಳೆಲ್ಲ ಒಮ್ಮೆಗೇ ಎದ್ದು ಕೆರೆಯ ನಡುನೀರಿಗೆ ಹೋಗಿ ಕರಿ ಚುಕ್ಕೆಗಳಾದವು. ಐದು ನಿಮಿಷ ಸೆಲ್ಫಿ, ಆಮೇಲೆ ಒಬ್ಬರ ತೀರ್ಪು: 'ಇಲ್ಲಿ ಏನೂ ಇಲ್ಲ, ಸುಮ್ಮನೆ ಬಂದೆವು.' ಟೆಂಪೊ ಹೊರಟಿತು. ಮುಕ್ಕಾಲು ಗಂಟೆಯ ಬಳಿಕ ಬಾತುಗಳು ಮರಳಿ ದಂಡೆಗೆ ಬಂದವು.

ಇಂಥದ್ದನ್ನು ವರ್ಷಕ್ಕೆ ನಾಲ್ಕೈದು ಸಲ ನೋಡುತ್ತೇನೆ. ಹಾಗಾಗಿ ಈ ಲೇಖನ. ಕಲಬುರಗಿಯಿಂದ ಹೊರಟು ಎರಡು ರಾತ್ರಿಯಲ್ಲಿ ಒಂದು ಕೆರೆ (ಸುರಪುರದ ಬಳಿಯ ಬೋನಾಳ), ಒಂದು ಗುಡ್ಡಗಾಡು (ಚಿಂಚೋಳಿ) ನೋಡಿ ಬರುವ ಬಗೆಯನ್ನು ಹೇಳುತ್ತೇನೆ.

ದಿನ ಗೊತ್ತುಮಾಡುವುದು

ಎಳ್ಳ ಅಮಾವಾಸ್ಯೆಯಿಂದ ಶಿವರಾತ್ರಿಯವರೆಗೆ. ಇದರಲ್ಲಿ ಚರ್ಚೆಗೆ ಜಾಗವಿಲ್ಲ. ಶಿವರಾತ್ರಿ ಕಳೆದರೆ ನಮ್ಮ ಬಿಸಿಲು ಹಕ್ಕಿಗಳನ್ನೂ ಓಡಿಸುತ್ತದೆ, ನಿಮ್ಮನ್ನೂ. ಮಳೆ ಜೋರಾಗಿದ್ದ ವರ್ಷ ಇನ್ನಷ್ಟು ತಡೆದು ಹೋಗಿ. ಕೆರೆ ತುಂಬಿ ತುಳುಕುವಾಗ ಫೋಟೊ ಚೆನ್ನಾಗಿ ಬರುತ್ತದೆ, ಹಕ್ಕಿ ಬರುವುದಿಲ್ಲ. ನೀರು ಒಂದಿಷ್ಟು ಇಳಿದು ಅಂಚಿನಲ್ಲಿ ಕೆಸರು ಬಾಯಿ ತೆರೆದಾಗಲೇ ಗೊರವ, ಮೆಟ್ಟುಗಾಲು ಹಕ್ಕಿ, ಕೆಂಬರಲುಗಳಿಗೆ ಊಟ.

ಎಷ್ಟು ಜಾಗ?

ಎರಡೇ. ನನ್ನ ಷಡ್ಡಕರೊಬ್ಬರು ಕಳೆದ ಸಲ ಎರಡು ದಿನದಲ್ಲಿ ಬೋನಾಳ, ನಾರಾಯಣಪುರ ಜಲಾಶಯ, ಚಿಂಚೋಳಿ, ಕಾರಂಜಾ, ಬೀದರ ಕೋಟೆ ಎಲ್ಲವನ್ನೂ ಮುಗಿಸಿ ಬಂದರು. ಏನು ನೋಡಿದಿರಿ ಎಂದು ಕೇಳಿದರೆ ಡಾಂಬರು ರಸ್ತೆಯ ವರ್ಣನೆ ಮಾಡಿದರು.

ಮೊದಲ ಮಧ್ಯಾಹ್ನ ಕಲಬುರಗಿ ಬಿಟ್ಟು ಜೇವರ್ಗಿ, ಶಹಾಪುರದ ಮೇಲೆ ಸುರಪುರ ಸೇರಿ. ನೂರು ಕಿಲೋಮೀಟರಿಗೆ ತುಸು ಹೆಚ್ಚು. ಶಹಾಪುರದ ಮಲಗಿದ ಬುದ್ಧನ ಬೆಟ್ಟ ರಸ್ತೆಯಿಂದಲೇ ಕಾಣುತ್ತದೆ, ಇಳಿಯಬೇಕಾಗಿಲ್ಲ. ರಾತ್ರಿ ಸುರಪುರದಲ್ಲಿ. ಮರುದಿನ ಬೆಳಿಗ್ಗೆ ಹತ್ತರವರೆಗೆ ಬೋನಾಳ. ಆಮೇಲೆ ಯಾದಗಿರಿ, ಸೇಡಂ ಹಾದು ಸಂಜೆಯೊಳಗೆ ಚಿಂಚೋಳಿ. ಮೂರನೇ ದಿನ ಬೆಳಿಗ್ಗೆ ಗುಡ್ಡದಲ್ಲಿ, ಮಧ್ಯಾಹ್ನ ಮನೆಯ ದಾರಿ.

ಮಾರ್ಗದರ್ಶಿಯನ್ನು ಆರಿಸುವುದು

ಕೆರೆಯ ಕಾವಲುಗಾರ, ಬಲೆ ಬೀಸುವವರು, ಅರಣ್ಯ ಇಲಾಖೆಯ ವಾಚರ್, ಊರಿನಲ್ಲಿ ಕ್ಯಾಮೆರಾ ಹಿಡಿದು ಅಲೆಯುವ ಹುಡುಗರು: ಇವರಲ್ಲಿ ಒಬ್ಬರು ಸಾಕು. ಹೆಸರು ಗೊತ್ತಿರುವವರಿಗಿಂತ ಜಾಗ ಗೊತ್ತಿರುವವರು ಮೇಲು. ಹಿಂದಿನ ದಿನವೇ ಫೋನಿನಲ್ಲಿ ಎರಡು ಪ್ರಶ್ನೆ ಕೇಳಿ. 'ಅಣ್ಣಾ, ನೀರು ಈಗ ಎಲ್ಲಿಯ ತನಕ ಇದೆ?' 'ಬೆಳಿಗ್ಗೆ ಎಲ್ಲಿ ಕುಳಿತರೆ ಬಿಸಿಲು ನಮ್ಮ ಬೆನ್ನಿಗೆ ಬೀಳುತ್ತದೆ?' ಎರಡನೆಯದಕ್ಕೆ ತಡವರಿಸದೆ ಉತ್ತರ ಬಂದರೆ ಅವರೇ ನಿಮ್ಮ ಜನ. 'ಬನ್ನಿ ಸರ್, ಎಲ್ಲ ಹಕ್ಕಿ ಗ್ಯಾರಂಟಿ ತೋರಿಸುತ್ತೇನೆ' ಎಂದರೆ ಫೋನಿಡಿ. ಕೂಲಿಯನ್ನು ಮೊದಲೇ ಮಾತಾಡಿಕೊಳ್ಳಿ. ಹಕ್ಕಿ ಕಂಡರೂ ಕಾಣದಿದ್ದರೂ ಅದನ್ನು ಪೂರ್ತಿ ಕೊಡಿ.

ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಹಕ್ಕಿಯನ್ನು ಹೊರಗೆ ಕರೆಯುವ ಮಾರ್ಗದರ್ಶಿಗಳೂ ಇದ್ದಾರೆ. ತನ್ನ ಜಾಗಕ್ಕೆ ಇನ್ನೊಂದು ಹಕ್ಕಿ ನುಗ್ಗಿತೆಂದು ಅದು ಮೇಯುವುದನ್ನು ಬಿಟ್ಟು ಜಗಳಕ್ಕೆ ಬರುತ್ತದೆ. ಅಂಥವರನ್ನು ಅಲ್ಲಿಯೇ ತಡೆಯಿರಿ.

ದುರ್ಬೀನು

ಬೇರೆ ಸಾಮಾನಿನ ಬಗ್ಗೆ ಒಂದೇ ಸಾಲು: ಮಾಸಿದ ಬಣ್ಣದ ಬಟ್ಟೆ, ನೀರು, ಟೋಪಿ, ನೋಟ್‌ಬುಕ್ಕು, ಬುತ್ತಿಗೆ ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿ. ಸರಸರ ಸದ್ದು ಮಾಡುವ ಚಿಪ್ಸ್ ಪೊಟ್ಟಣ ಬೇಡ.

ದುರ್ಬೀನನ್ನು ಮಾತ್ರ ಜಾತ್ರೆಯಲ್ಲಿ ಕೊಳ್ಳಬೇಡಿ. ಗಾಜು ಮಾಣಿಕ್ಯದಂತೆ ಕೆಂಪಗೆ ಹೊಳೆಯುವ ದುರ್ಬೀನು ಕೆಂಪು ಬೆಳಕನ್ನೇ ಹಿಂದಕ್ಕೆ ಎಸೆಯುತ್ತದೆ. ಅದರಲ್ಲಿ ನೋಡಿದರೆ ಕೆರೆಯೆಲ್ಲ ಹಸಿರು ಕಾಮಾಲೆ ಬಂದಂತೆ ಕಾಣುತ್ತದೆ. 'ಐವತ್ತು ಪಟ್ಟು ಝೂಮ್' ಎಂಬುದೂ ಮೋಸವೇ. ಅಷ್ಟು ದೊಡ್ಡದು ಮಾಡಿದರೆ ಕೈನಡುಕವೂ ಅಷ್ಟೇ ದೊಡ್ಡದಾಗುತ್ತದೆ. 8x42 ಎಂದು ಬರೆದದ್ದನ್ನು ತೆಗೆದುಕೊಳ್ಳಿ: ಎಂಟು ಪಟ್ಟು ದೊಡ್ಡದು ಮಾಡುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ಮುಂಜಾನೆಯ ಮಬ್ಬಿಗೆ ಈ ಅಗಲ ಬೇಕು.

ಕೊಂಡ ಮೇಲೆ ಅದನ್ನು ಕಣ್ಣಿಗೆ ಹೊಂದಿಸದೆ ಬರುವವರೇ ಹೆಚ್ಚು. ಮನೆಯ ಮಾಳಿಗೆಯ ಮೇಲೆ ನಿಂತು ಹೀಗೆ ಮಾಡಿ. ಎರಡು ಕೊಳವೆಗಳನ್ನು ಮಡಚುತ್ತ ಬಿಚ್ಚುತ್ತ, ಎರಡು ವೃತ್ತಗಳು ಸೇರಿ ಒಂದಾಗುವಂತೆ ಮಾಡಿ. ಬಲಗಣ್ಣನ್ನು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ದೂರದ ಒಂದು ಫಲಕ ಎಡಗಣ್ಣಿಗೆ ಸ್ಪಷ್ಟವಾಗುವಂತೆ ಮಾಡಿ. ಈಗ ಎಡಗಣ್ಣು ಮುಚ್ಚಿ. ಚಕ್ರವನ್ನು ಮುಟ್ಟದೆ ಬಲಗಣ್ಣಿನ ಹತ್ತಿರದ ಉಂಗುರವನ್ನಷ್ಟೇ ತಿರುಗಿಸಿ ಅದೇ ಫಲಕವನ್ನು ಸ್ಪಷ್ಟ ಮಾಡಿಕೊಳ್ಳಿ. ಇನ್ನು ಮುಂದೆ ನಡುವಿನ ಚಕ್ರ ಒಂದೇ ಸಾಕು. ಕನ್ನಡಕದವರು ಕಣ್ಣಿನ ರಬ್ಬರ್ ಬಟ್ಟಲುಗಳನ್ನು ಒಳಕ್ಕೆ ಮಡಚಬೇಕು. ಮಡಚದಿದ್ದರೆ ಸೂಜಿತೂತಿನಲ್ಲಿ ಇಣುಕಿದಂತೆ ಇರುತ್ತದೆ.

ಏರಿ: ಇಲ್ಲಿಯೇ ಕೆಡುವುದು

ಬೋನಾಳ ಕೆರೆ ಸುರಪುರದ ನಾಯಕ ಅರಸರು ಕಟ್ಟಿಸಿದ್ದು. 19ನೇ ಶತಮಾನದಲ್ಲಿ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅದನ್ನು ದುರಸ್ತಿ ಮಾಡಿಸಿದ. ಕಟ್ಟಿದವರು ಏರಿಯನ್ನು ಎತ್ತರಕ್ಕೆ ಕಟ್ಟಿದ್ದು ನೀರು ನಿಲ್ಲಲೆಂದು. ಅದರ ನೆತ್ತಿಯ ಮೇಲೆ ನಿಂತ ಮನುಷ್ಯ ಆಕಾಶಕ್ಕೆ ಅಂಟಿಸಿದ ಕರಿಗೊಂಬೆಯಂತೆ ಇಡೀ ಕೆರೆಗೆ ಕಾಣುತ್ತಾನೆ. ಎಲ್ಲ ಅನಾಹುತ ಶುರುವಾಗುವುದು ಅಲ್ಲಿಂದ.

ಜನವರಿಯಲ್ಲಿ ನಮ್ಮ ಕಡೆ ಸೂರ್ಯ ಮೂಡುವುದು ಏಳಕ್ಕೆ ಹತ್ತು ನಿಮಿಷ ಮೊದಲು. ನೀವು ಆರೂ ಕಾಲಿಗೆ ಅಲ್ಲಿರಬೇಕು. ಗಾಡಿಯನ್ನು ಕೆರೆಯಿಂದ ಮುನ್ನೂರು ಮೀಟರ್ ದೂರದಲ್ಲೇ ನಿಲ್ಲಿಸಿ. ಬಾಗಿಲನ್ನು ಬಡಿಯದೆ ಒತ್ತಿ ಮುಚ್ಚಿ. ಏರಿಯ ಹೊರಮೈಯ ಬುಡದಲ್ಲೇ, ನೀರಿಗೆ ಕಾಣದಂತೆ, ಮಾರ್ಗದರ್ಶಿ ಹೇಳಿದ ಜಾಗದವರೆಗೆ ನಡೆಯಿರಿ. ಅಲ್ಲಿ ಮೊದಲು ಅವರೊಬ್ಬರೇ ಬಗ್ಗಿ ಹತ್ತಿ, ಪೊದೆಯ ಪಕ್ಕದಿಂದ ತಲೆಯಷ್ಟನ್ನೇ ಎತ್ತಿ ನೋಡಲಿ. ಆಮೇಲೆ ಒಬ್ಬೊಬ್ಬರಾಗಿ ಹತ್ತಿ, ನೆತ್ತಿಗಿಂತ ಒಂದು ಮೊಳ ಕೆಳಗೇ ಕುಳಿತುಬಿಡಿ. ನಿಲ್ಲಬೇಡಿ. ಕೈ ಚಾಚಿ ತೋರಿಸಬೇಡಿ. ತೋರಿಸಲೇಬೇಕಿದ್ದರೆ 'ಒಂಟಿ ಜಾಲಿಯ ಬಲಕ್ಕೆ, ಎರಡನೆಯ ಬಂಡೆ' ಎಂದು ಬಾಯಲ್ಲಿ ಹೇಳಿ, ಅದೂ ಪಿಸುಮಾತಿನಲ್ಲಿ.

ಮೊದಲ ಹತ್ತು ನಿಮಿಷ ದುರ್ಬೀನು ಎತ್ತಬಾರದು. ಇದು ನನ್ನ ಕಟ್ಟಪ್ಪಣೆ. ನನ್ನ ಜೊತೆ ಬಂದವರು ಇದಕ್ಕೇ ಸಿಟ್ಟಾಗುವುದು. ಬರಿಗಣ್ಣಿನಲ್ಲಿ ಕೆರೆಯನ್ನು ನೋಡಿ. ಟಿಟ್ಟಿಭ ಎಲ್ಲಿದೆ? ಅದು ಈ ಕೆರೆಯ ತಳವಾರ. ಅದೊಂದು ಕೂಗೆಬ್ಬಿಸಿದರೆ ಮಿಕ್ಕವೆಲ್ಲ ಕತ್ತೆತ್ತುತ್ತವೆ. ಬಾತುಗಳು ತಲೆ ನೀರಿಗಿಳಿಸಿ ಮೇಯುತ್ತಿದ್ದರೆ ನಿಮ್ಮನ್ನು ಒಪ್ಪಿಕೊಂಡಿವೆ ಎಂದು ತಿಳಿಯಿರಿ. ಕತ್ತನ್ನು ಕೋಲಿನಂತೆ ನೆಟ್ಟಗೆ ಮಾಡಿದರೆ ಅಲುಗಾಡದಿರಿ. ಗುಂಪು ಒತ್ತೊತ್ತಾಗಿ ಬೆನ್ನು ತಿರುಗಿಸಿ ಈಜತೊಡಗಿದರೆ ನೀವು ಹತ್ತಿರ ಬಂದದ್ದು ಹೆಚ್ಚಾಯಿತು, ಹಿಂದಕ್ಕೆ ಸರಿಯಿರಿ.

ಅಲ್ಲಿಗೆ ಎಮ್ಮೆ ಹೊಡೆದುಕೊಂಡು ಬರುವವರನ್ನೂ ನೋಡಿ. ಬಿಳಿ ಧೋತರ, ಕೆಂಪು ರುಮಾಲು, ಬಾಯ್ತುಂಬ ಮಾತು. ಒಂದು ಹಕ್ಕಿಯೂ ಏಳುವುದಿಲ್ಲ! ಅವರು ದಿನವೂ ಬರುತ್ತಾರೆ, ನೇರವಾಗಿ ಹಕ್ಕಿಯತ್ತ ನಡೆಯುವುದಿಲ್ಲ, ಅದರ ಮುಖ ನೋಡುತ್ತ ನಿಲ್ಲುವುದೂ ಇಲ್ಲ. ಜಾಗ ಬದಲಿಸಬೇಕಾದಾಗ ನಾನು ಎಮ್ಮೆಗಳ ಹಿಂದೆಯೇ ಓರೆಯಾಗಿ ನಡೆಯುತ್ತೇನೆ. ಸಾವಿರಾರು ರೂಪಾಯಿಯ ಮರೆಯುಡುಪಿಗಿಂತ ನಾಲ್ಕು ಎಮ್ಮೆ ಹೆಚ್ಚು ಉಪಯೋಗ.

ಈಗ ದುರ್ಬೀನು. ಎಲ್ಲರೂ ಮೊದಲು ನಡುನೀರನ್ನೇ ಹುಡುಕುತ್ತಾರೆ. ನೀವು ಕಾಲ ಬುಡದಿಂದ ಶುರುಮಾಡಿ. ದಂಡೆಯ ಹುಲ್ಲಿನಲ್ಲಿ ಕೊಳಬಕ ಕಲ್ಲಿನಂತೆ ಕುಳಿತಿರುತ್ತದೆ, ಹಾರುವ ತನಕ ಕಾಣುವುದಿಲ್ಲ. ಆಮೇಲೆ ಕೆಸರು: ಬಿಳಿ ಕೆಂಬರಲು, ಕರಿ ಕೆಂಬರಲು, ಗೊರವ. ಆಮೇಲೆ ಜೊಂಡು. ಅಲ್ಲಿ ನೇರಳೆ ಬಣ್ಣದ, ಕೆಂಪು ಕೊಕ್ಕಿನ ಜಂಬುಕೋಳಿ ಬಾಲ ಮಿಟುಕಿಸಿ ಕೆಳಗಿನ ಬಿಳಿಯನ್ನು ತೋರಿಸುತ್ತ ನಡೆಯುತ್ತದೆ. ಎಲೆಗಳ ಮೇಲೆ ಉದ್ದ ಬೆರಳೂರಿ ಓಡಾಡುವುದು ದೇವನಕ್ಕಿ. ಹಣೆಯ ಮೇಲೆ ಬಿಳಿ ನಾಮ ಇಟ್ಟುಕೊಂಡ ಕರಿ ಹಕ್ಕಿ ನಾಮದ ಕೋಳಿ. ನಡುನೀರು ಕೊನೆಗೆ. ಅಲ್ಲಿಂದ ಆಕಾಶಕ್ಕೆ: ಜೊಂಡಿನ ಮೇಲೆ ತಗ್ಗಿನಲ್ಲಿ ತೇಲುವ ಬೇಟೆಹಕ್ಕಿ ಸೆಳೆವ ಬಂದರೆ ಇಡೀ ಕೆರೆ ಗಲಿಬಿಲಿಗೊಳ್ಳುತ್ತದೆ. ಆಗ ಬೈಗುಳ ನಿಮಗಲ್ಲ.

ಹೆಸರು ಗೊತ್ತಾಗದಿದ್ದರೆ ತಕ್ಷಣ ಮೊಬೈಲ್ ತೆಗೆಯಬೇಡಿ. ನೀವು ಪರದೆ ನೋಡುವಾಗಲೇ ಹಕ್ಕಿ ಹೋಗಿರುತ್ತದೆ. ಗುಬ್ಬಿಯಷ್ಟೋ, ಕಾಗೆಯಷ್ಟೋ? ಕೊಕ್ಕು ನೆಟ್ಟಗೋ, ಡೊಂಕೋ? ಕಾಲಿನ ಬಣ್ಣವೇನು? ನಡೆಯುತ್ತಿತ್ತೋ, ಮುಳುಗುತ್ತಿತ್ತೋ? ಇಷ್ಟನ್ನು ಬರೆದುಕೊಂಡರೆ ರಾತ್ರಿ ನೆಮ್ಮದಿಯಾಗಿ ಹೆಸರು ಹುಡುಕಬಹುದು. ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಪಟ್ಟಿ ಹಾಕುವುದೂ ಆಗಲೇ.

ಎಂಟು ಗಂಟೆಗೆ ಹೊಟ್ಟೆ ಚುರುಗುಟ್ಟಿ ಎಲ್ಲರೂ ಸುಸಲಾ, ಮಿರ್ಚಿ ಎಂದು ಸುರಪುರದತ್ತ ಹೊರಡುತ್ತಾರೆ. ಇದು ಎರಡನೆಯ ದೊಡ್ಡ ತಪ್ಪು. ಪಟ್ಟೆತಲೆ ಹೆಬ್ಬಾತುಗಳು ರಾತ್ರಿ, ನಸುಕಿನಲ್ಲಿ ಹೊಲಗಳಲ್ಲಿ ಮೇದು ಬಿಸಿಲೇರುವ ಹೊತ್ತಿಗೆ ನೀರಿಗೆ ಮರಳುತ್ತವೆ. ಟಿಬೆಟ್, ಮಂಗೋಲಿಯಾದ ಕಡೆ ಮರಿ ಮಾಡಿ, ಹಿಮಾಲಯವನ್ನು ದಾಟಿ ಬಂದ ಹಕ್ಕಿಗಳು. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕರಿ ಪಟ್ಟೆ. ಮೊದಲು ಸದ್ದು ಕೇಳುತ್ತದೆ, ಆಮೇಲೆ ಸಾಲು ಕಾಣುತ್ತದೆ. ಯಾವುದಾದರೂ ಕೊರಳಲ್ಲಿ ಪ್ಲಾಸ್ಟಿಕ್ ಪಟ್ಟಿ ಇದೆಯೇ ನೋಡಿ. ಮಂಗೋಲಿಯಾದಲ್ಲಿ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ಪಟ್ಟಿಯ ಬಣ್ಣ, ಅಕ್ಷರ, ದಿನಾಂಕ ಬರೆದು ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. ಬುತ್ತಿಯ ರೊಟ್ಟಿಯನ್ನು ಏರಿಯ ಮರೆಯಲ್ಲೇ ಬಿಚ್ಚಿದರೆ ಇದೆಲ್ಲ ತಪ್ಪುವುದಿಲ್ಲ.

ಗುಡ್ಡ

ಚಿಂಚೋಳಿ ವನ್ಯಜೀವಿ ಧಾಮ 2011ರಲ್ಲಿ ಆದದ್ದು, ಸುಮಾರು 135 ಚದರ ಕಿಲೋಮೀಟರ್. ಒಳಗೆ ತಾಂಡಾಗಳಿವೆ, ಚಂದ್ರಂಪಳ್ಳಿ ಜಲಾಶಯವಿದೆ, ತೇಗವಿದೆ, ರಕ್ತಚಂದನವೂ ಇದೆ. ಅನುಮತಿ, ವಸತಿ ಎರಡನ್ನೂ ಅರಣ್ಯ ಇಲಾಖೆಯಲ್ಲಿ ವಾರ ಮೊದಲೇ ಕೇಳಿಕೊಳ್ಳಿ. ಎತ್ತಿಪೋತ ಜಲಪಾತವನ್ನು ಮಳೆಗಾಲಕ್ಕೆ ಬಿಡಿ.

ಕೆರೆಯಲ್ಲಿ ಕಣ್ಣು ಕೆಲಸ ಮಾಡುತ್ತದೆ, ಕಾಡಿನಲ್ಲಿ ಕಿವಿ. ಬೆಳಿಗ್ಗೆ ಐದು ಕಿಲೋಮೀಟರ್ ನಡೆಯುವ ಬದಲು ನೀರು ಜಿನುಗುವ ಒಂದು ಹಳ್ಳದ ಬಳಿ ಕುಳಿತುಬಿಡಿ. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಒಮ್ಮೆಗೇ ಕಾಜಾಣ, ಚಿತ್ರಪಕ್ಷಿ, ಮರಕುಟಿಗ, ಮಧುರಕಂಠ ಎಲ್ಲ ಕೂಡಿ ಹುಳ ಹಿಡಿಯುತ್ತ ತಲೆಯ ಮೇಲೆ ಹಾದುಹೋಗುತ್ತವೆ. ಆ ಬೆರಕೆ ಹಿಂಡಿನ ಬೆನ್ನು ಹತ್ತಬೇಡಿ, ಅದು ತಾನಾಗಿಯೇ ಮರದಿಂದ ಮರಕ್ಕೆ ಬರುತ್ತದೆ.

ತೋಳ, ಕತ್ತೆಕಿರುಬ ಇಲ್ಲಿವೆ, ಆದರೆ ಹಗಲು ಕಂಡರೆ ನಿಮ್ಮ ಅದೃಷ್ಟ. ಗುರುತುಗಳನ್ನು ಮಾತ್ರ ಯಾರು ಬೇಕಾದರೂ ನೋಡಬಹುದು. ಗಾಡಿದಾರಿಯ ಧೂಳಿನಲ್ಲಿ ನಾಯಿಯದರಂಥ ಹೆಜ್ಜೆ ಇದ್ದು, ಮುಂಗಾಲಿನದು ಹಿಂಗಾಲಿನದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದಾಗಿದ್ದರೆ ಅದು ಕತ್ತೆಕಿರುಬ. ಮೂಳೆ ತಿಂದ ಅದರ ಮಲ ಒಣಗಿದರೆ ಸುಣ್ಣದಂತೆ ಬೆಳ್ಳಗಿರುತ್ತದೆ. ಬೆಳಿಗ್ಗೆ ಮೊದಲ ಬೈಕು ಹೋಗುವ ಮುನ್ನ ನೋಡಬೇಕು.

ಇನ್ನೊಂದು ದಿನ ಇದ್ದರೆ

ಬೀದರಿಗೆ ಹೋಗಿ, ಹೊನ್ನಿಕೇರಿ ಕಾಡಿನ ಸುತ್ತಿನ ಬಯಲಿನಲ್ಲಿ ಕೃಷ್ಣಮೃಗ ನೋಡಿ. ಕಾರಿನಿಂದ ಇಳಿಯಬೇಡಿ. ನಿಂತ ಕಾರಿಗೆ ಅವು ಹೆದರುವುದಿಲ್ಲ, ಅದರ ಬಾಗಿಲು ತೆರೆದು ಬರುವ ಎರಡು ಕಾಲಿಗೆ ಹೆದರುತ್ತವೆ. ರೀಲ್ಸ್‌ಗಾಗಿ ಹೊಲದಲ್ಲಿ ಜೀಪು ಓಡಿಸಿ ಹಿಂಡನ್ನು ಅಟ್ಟಿದವರನ್ನು ಕಂಡಿದ್ದೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಅದು, ಬೆನ್ನಟ್ಟುವುದು ಅಪರಾಧ. ತೊಗರಿ ಹೊಲದ ಯಜಮಾನರು ಸಿಕ್ಕರೆ ಅವರ ಮುಂದೆ ಜಿಂಕೆಯನ್ನು ಹೊಗಳುವ ಮೊದಲು ಬೆಳೆ ಎಷ್ಟು ಹೋಯಿತೆಂದು ಕೇಳಿ.

ಮನೆಗೆ ಬಂದ ರಾತ್ರಿಯೇ ದುರ್ಬೀನು ಸ್ವಚ್ಛ ಮಾಡಿ. ಎರೆಮಣ್ಣಿನ ಧೂಳನ್ನು ಅಂಗಿಯ ತುದಿಯಿಂದ ಒರೆಸಿದರೆ ಗಾಜು ಗೀರುತ್ತದೆ. ಮೊದಲು ಗಾಳಿ ಊದುವ ರಬ್ಬರ್ ಚೆಂಡಿನಿಂದ ಊದಿ, ಆಮೇಲೆ ಮೆತ್ತನೆ ಕುಂಚ, ಕೊನೆಗೆ ಕನ್ನಡಕದ ಬಟ್ಟೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಸಿಗುವ ಸಿಲಿಕಾ ಪೊಟ್ಟಣವೊಂದನ್ನು ಚೀಲದೊಳಗೆ ಹಾಕಿ ಎತ್ತಿಡಿ. ಕಳೆದ ಮಳೆಗಾಲದಲ್ಲಿ ಇದನ್ನು ಮರೆತು ನನ್ನ ಬಲಗಾಜಿಗೆ ಬೂಸ್ಟು ಹಿಡಿಸಿಕೊಂಡೆ.