ಕಪ್ಪು ಸೀರೆ, ಕಾಡಿಗೆ ಮತ್ತು ಲಂಡನ್ನಿನ ಗಾತ್ ಕ್ಲಬ್: ನಮ್ಮಿಬ್ಬರ ಅನುಭವ

ಗಾತ್ ಸಂಗೀತ ನನಗೆ ಹಾಸ್ಟೆಲ್ ದಿನಗಳಿಂದಲೂ ಇಷ್ಟ. ಬೇಸ್ ಗಿಟಾರಿನ ಸದ್ದು ನೇರ ಎದೆಗೆ ಬಡಿಯುತ್ತದೆ, ಹಾಡುವವರ ದನಿ ತಗ್ಗಿನಲ್ಲಿರುತ್ತದೆ. 1970ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಪಂಕ್ ಸಂಗೀತದ ಬೆನ್ನಿಗೇ ಹುಟ್ಟಿದ್ದು ಇದು. 1982ರಲ್ಲಿ ಲಂಡನ್ನಿನ ಸೋಹೋದಲ್ಲಿ ಬ್ಯಾಟ್‌ಕೇವ್ ಎಂಬ ಕ್ಲಬ್ ಶುರುವಾದ ಮೇಲೆ ಕಪ್ಪು ಬಟ್ಟೆ, ಬಿಳಿ ಮುಖ, ಕಪ್ಪು ಕಣ್ಣಿನ ಈ ವೇಷ ಎಲ್ಲ ಕಡೆ ಹರಡಿತು. ಅದು ಮುಚ್ಚಿ ಎಷ್ಟೋ ಕಾಲವಾಯಿತು. ಆದರೆ 1987ರಲ್ಲಿ ಶುರುವಾದ ಸ್ಲೈಮ್‌ಲೈಟ್ ಇದೆ. ಶನಿವಾರ ರಾತ್ರಿಯ ಕ್ಲಬ್. ಲಂಡನ್ನಿನ ಹೌನ್ಸ್ಲೋದಲ್ಲಿರುವ ಅಕ್ಕನ ಮನೆಗೆ ಟಿಕೆಟ್ ಮಾಡಿದಾಗಲೇ, ಒಂದು ಶನಿವಾರ ನನಗೆ ಬೇಕು ಅಂತ ಇವರಿಗೆ, ಅಂದರೆ ನನ್ನ ಗಂಡನಿಗೆ, ಹೇಳಿಟ್ಟಿದ್ದೆ.

ಬಟ್ಟೆಗೆ ಹೊಸದಾಗಿ ಖರ್ಚು ಮಾಡಲಿಲ್ಲ. ನನ್ನಲ್ಲಿ ಕಪ್ಪು ಬಣ್ಣದ ಕಾಸರಗೋಡು ಕೈಮಗ್ಗದ ಸೀರೆ ಇತ್ತು. ಹತ್ತಿಯದ್ದು, ಬೆವರು ಹೀರುತ್ತದೆ, ಜಾರುವುದಿಲ್ಲ. ಪಾದದ ಗಂಟಿನ ಮೇಲೆ ನಿಲ್ಲುವಷ್ಟು ಎತ್ತರಕ್ಕೆ ಉಟ್ಟು, ಸೆರಗನ್ನು ಪೂರ್ತಿ ಮಡಚಿ ಪಿನ್ ಹಾಕಿ, ಕಾಲಿಗೆ ಬೂಟು ಹಾಕಿಕೊಂಡೆ. ಇವರಿಗೆ ಕಪ್ಪು ಮುಂಡು ಚೆನ್ನಾಗಿರುತ್ತದೆ ಅಂದೆ. "ಅದು ಮಾಲೆ ಹಾಕಿದಾಗ ಉಡುವುದು, ಕ್ಲಬ್ಬಿಗೆ ಬೇಡ" ಅಂದರು. ಸರಿ ಅನ್ನಿಸಿತು. ಕಪ್ಪು ಅಂಗಿ, ಕಪ್ಪು ಪ್ಯಾಂಟು ಹಾಕಿದರು.

ಕಣ್ಣಿನ ಬಣ್ಣ ಮಾತ್ರ ಪೂರ್ತಿ ಇವರ ಕೈಯದ್ದು. ಶಾಲೆಗೆ ಹೋಗುವಾಗಲೇ ಯಕ್ಷಗಾನ ಕಲಿತವರು, ವೇಷ ಕಟ್ಟುವ ಚೌಕಿಯಲ್ಲಿ ಕೂತು ತಮ್ಮ ಮುಖಕ್ಕೆ ತಾವೇ ಬರೆದುಕೊಂಡವರು. ಅಕ್ಕನ ಮನೆಯ ಬಚ್ಚಲಲ್ಲಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ಎಡಗೈಯ ಕಿರುಬೆರಳನ್ನು ನನ್ನ ಕೆನ್ನೆಗೆ ಊರಿ, "ಮೇಲೆ ಚಾವಣಿ ನೋಡು, ಉಸಿರು ನಿಧಾನ ಬಿಡು" ಅಂದರು. ಮೊದಲು ಪೌಡರ್ ಒತ್ತಿದರು. ಆಮೇಲೆ ಕಾಡಿಗೆಯ ಗೆರೆ, ಅದರ ಮೇಲೆ ಕಪ್ಪು ಐಶ್ಯಾಡೋ, ಮತ್ತೆ ಪೌಡರ್. ಹೀಗೆ ಎಣ್ಣೆಯ ಬಣ್ಣಕ್ಕೆ ಪುಡಿ ಕೂರಿಸಿದರೆ ಎಷ್ಟು ಬೆವತರೂ ಇಳಿಯುವುದಿಲ್ಲ. ಬೆಳಗಿನವರೆಗೂ ಇಳಿಯಲಿಲ್ಲ. ಬಾಗಿಲಲ್ಲಿ ನಿಂತು ನೋಡಿದ ಅಕ್ಕ, "ಎಂಥ ಚಂದ ಕಾಣ್ತೀ ಮಾರಾಯ್ತಿ" ಅಂದಳು.

ರೈಲಿನಲ್ಲಿ ಇಬ್ಬರೂ ಉದ್ದ ಕೋಟು ಹಾಕಿದ್ದೆವು. ಚಳಿ ಒಂದು ಕಾರಣ. ಇನ್ನೊಂದು, ಸೋಫಿ ಲ್ಯಾಂಕಾಸ್ಟರ್. 2007ರ ಆಗಸ್ಟ್‌ನಲ್ಲಿ ಲ್ಯಾಂಕಾಶೈರಿನ ಬೇಕಪ್ ಎಂಬ ಊರಿನ ಪಾರ್ಕಿನಲ್ಲಿ ಈ ಹುಡುಗಿಯನ್ನೂ ಅವಳ ಗೆಳೆಯನನ್ನೂ ಕೆಲವು ಹುಡುಗರು ಹೊಡೆದರು, ಅವರಿಬ್ಬರೂ ಗಾತ್ ವೇಷದಲ್ಲಿದ್ದರು ಅನ್ನುವ ಒಂದೇ ಕಾರಣಕ್ಕೆ. ಅವನು ಬದುಕಿದ, ಅವಳು ಉಳಿಯಲಿಲ್ಲ. ಇಪ್ಪತ್ತು ವರ್ಷದ ಹುಡುಗಿ. 2013ರಿಂದ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು ಇಂಥ ಹಲ್ಲೆಯನ್ನು ದ್ವೇಷದ ಅಪರಾಧ ಅಂತಲೇ ದಾಖಲಿಸುತ್ತಾರೆ. ಜೋಡಿಯಾಗಿ ಹೋಗುವವರು ಇದನ್ನು ತಿಳಿದಿರಬೇಕು.

ಇಳಿಯಬೇಕಾದದ್ದು ಏಂಜೆಲ್ ನಿಲ್ದಾಣ. ಲಂಡನ್ ಅಂಡರ್‌ಗ್ರೌಂಡಿನಲ್ಲೇ ಅತಿ ಉದ್ದದ ಎಸ್ಕಲೇಟರ್ ಇರುವುದು ಅಲ್ಲಿ, ಸುಮಾರು 60 ಮೀಟರ್. ಸೀರೆಯವರು ನೆರಿಗೆ ಎತ್ತಿ ಹಿಡಿಯಿರಿ. ನಿಲ್ದಾಣದ ಹಿಂದಿನ ಟಾರೆನ್ಸ್ ಸ್ಟ್ರೀಟಿನಲ್ಲಿ ಎಲೆಕ್ಟ್ರೋವರ್ಕ್ಸ್ ಎಂಬ ಕಟ್ಟಡ, ಕ್ಲಬ್ ಅದರೊಳಗೆ. ಗುರುತಿಗೆ ನಾವು ಪಾಸ್‌ಪೋರ್ಟ್ ಒಯ್ದಿದ್ದೆವು. ಅದನ್ನು ಕೋಟಿನ ಜೇಬಿನಲ್ಲಿ ಬಿಡದೆ ಮೈಮೇಲೇ ಇಟ್ಟುಕೊಂಡೆವು.

ಒಳಗೆ ಒಂದೊಂದು ಮಹಡಿಯಲ್ಲಿ ಒಂದೊಂದು ಬಗೆಯ ಸಂಗೀತ. ಕಿವಿಗೆ ಇಯರ್‌ಪ್ಲಗ್ ಬೇಕೇ ಬೇಕು. ಕುಡಿಯದವರಿಗೆ ತೊಂದರೆಯಿಲ್ಲ. ಬಾರಿನಲ್ಲಿ ಕೇಳಿದರೆ ಕುಡಿಯುವ ನೀರು ಪುಕ್ಕಟೆ ಕೊಡಬೇಕು ಅಂತ ಅಲ್ಲಿ ನಿಯಮವೇ ಇದೆ. ನನಗೆ ತುಂಬ ಹಿಡಿಸಿದ್ದು ಕುಣಿಯುವ ರೀತಿ. ಎಲ್ಲರೂ ತಮ್ಮಷ್ಟಕ್ಕೆ, ಕಣ್ಣು ನೆಲಕ್ಕೆ, ಕೈ ಮಾತ್ರ ಗಾಳಿಯಲ್ಲಿ ನಿಧಾನ. ಯಾರೂ ಮೈಗೆ ತಾಗುವುದಿಲ್ಲ, ದುರುಗುಟ್ಟಿ ನೋಡುವುದಿಲ್ಲ. ಇವರು ಮೊದಲು ಗೋಡೆಗೆ ಒರಗಿ ಬೆರಳಲ್ಲಿ ತಾಳ ಹಾಕುತ್ತಿದ್ದರು. "ಇದು ಮನುಷ್ಯ ಬಾರಿಸಿದ್ದಲ್ಲ ಅಲ್ವಾ?" ಅಂದರು. ಹೌದು, ಡ್ರಮ್ ಮೆಷಿನ್. ಲೀಡ್ಸ್‌ನ ಸಿಸ್ಟರ್ಸ್ ಆಫ್ ಮರ್ಸಿ ತಂಡ ತನ್ನ ಮೆಷಿನ್‌ಗೆ ಡಾಕ್ಟರ್ ಅವಲಾಂಚ್ ಅಂತ ಹೆಸರನ್ನೇ ಇಟ್ಟಿದೆ. ಆ ಲೆಕ್ಕ ಸಿಕ್ಕಿದ್ದೇ ಸರಿ, ಇವರೂ ಇಳಿದರು. ಒಂದು ಮೊಳ ದೂರದಲ್ಲಿ ಅಕ್ಕಪಕ್ಕ ಕುಣಿದೆವು. ಮದುವೆಯಾದ ಮೇಲೆ ನಾವು ಜೊತೆಯಾಗಿ ಕುಣಿದದ್ದು ಅದೇ ಮೊದಲು.

ಫೋಟೋ ಯಾರದ್ದೂ ತೆಗೆಯಲಿಲ್ಲ. ಕೇಳದೆ ತೆಗೆಯುವುದು, ಕೂದಲು ಬಟ್ಟೆ ಮುಟ್ಟುವುದು ಅಲ್ಲಿ ಸಲ್ಲದು. ಒಬ್ಬ ಹೆಂಗಸು ನನ್ನ ಸೀರೆಯ ಬಗ್ಗೆ ಕೇಳಿದರು. ಮಗ್ಗದ ವಿಷಯ ಹೇಳಿ, ಸೆರಗು ಅವರ ಕೈಗೆ ಕೊಟ್ಟೆ.

ವಾಪಸಿನ ದಾರಿ ಮೊದಲೇ ನೋಡಿಟ್ಟುಕೊಳ್ಳಿ. ಶನಿವಾರ ರಾತ್ರಿಯಿಡೀ ಕೆಲವು ಲೈನುಗಳಲ್ಲಿ ರೈಲು ಇದೆ, ಏಂಜೆಲ್ ಮೇಲಿಂದ ಮಾತ್ರ ಇಲ್ಲ. ನಾವು ಕಿಂಗ್ಸ್ ಕ್ರಾಸ್‌ವರೆಗೆ ಬಸ್ಸಿನಲ್ಲಿ ಹೋಗಿ ಪಿಕಾಡಿಲಿ ಲೈನ್ ಹಿಡಿದೆವು. ಕಣ್ಣಿನ ಬಣ್ಣ ತೆಗೆಯಲು ಊರಿಂದ ಒಯ್ದ ತೆಂಗಿನೆಣ್ಣೆ ಸಾಕಾಯಿತು.

ಜರ್ಮನಿಯ ಲೈಪ್‌ಜಿಗ್‌ನಲ್ಲಿ 1992ರಿಂದ ವೇವ್ ಗೋಟಿಕ್ ಟ್ರೆಫೆನ್ ಎಂಬ ದೊಡ್ಡ ಗಾತ್ ಸಮ್ಮೇಳನ ನಡೆಯುತ್ತಿದೆ, ಕ್ರೈಸ್ತರ ಪೆಂಟೆಕೋಸ್ಟ್ ಹಬ್ಬದ ರಜೆಯಲ್ಲಿ. ಆ ಹಬ್ಬ ಜೂನ್‌ಗೆ ಬಂದರೆ ಅಡಕೆಗೆ ಮದ್ದು ಬಿಡುವ ಸಮಯ, ಇವರು ತೋಟ ಬಿಟ್ಟು ಬರುವುದಿಲ್ಲ. 2027ರಲ್ಲಿ ಮೇ 16ಕ್ಕೇ ಬರುತ್ತದೆ. ಹೋಗುವುದು ಅಂತ ಇಬ್ಬರೂ ಒಪ್ಪಿ ಆಗಿದೆ.