ನಂದಿಬೆಟ್ಟ ಹತ್ತುವ ಮುನ್ನ ಸೈಕಲ್ ಕಂಪ್ಯೂಟರ್ ಹೀಗೆ ಸಜ್ಜು ಮಾಡಿ

ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ಬುಡಕ್ಕೆ ಹೋದರೆ ಸೈಕಲ್‌ಗಳ ಸಾಲೇ ಕಾಣುತ್ತದೆ. ಚಿಕ್ಕಬಳ್ಳಾಪುರದವರು, ದೇವನಹಳ್ಳಿಯವರು, ಕತ್ತಲಲ್ಲೇ ಹೊರಟು ಬಂದ ಬೆಂಗಳೂರಿನವರು. ಸುಮಾರು ಜನರ ಹ್ಯಾಂಡಲ್ ಮೇಲೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಪರದೆಯೊಂದು ಹೊಳೆಯುತ್ತಿರುತ್ತದೆ. ಅದೇ ಜಿಪಿಎಸ್ ಸೈಕಲ್ ಕಂಪ್ಯೂಟರ್. ಸಾವಿರಾರು ರೂಪಾಯಿ ಕೊಟ್ಟು ತಂದವರು ಅದರಲ್ಲಿ ವೇಗವೊಂದನ್ನೇ ನೋಡುತ್ತಾರಲ್ಲ, ನನಗೆ ಬೇಸರವಾಗುವುದು ಅದಕ್ಕೆ. ಏರಿನಲ್ಲಿ ವೇಗ ನೋಡಿದರೆ ಏನು ಕಾಣುತ್ತದೆ? ಗಂಟೆಗೆ 8 ಕಿ.ಮೀ. ಮನಸ್ಸು ಕುಗ್ಗುತ್ತದೆ. ಕಾಲು ಜೋರು ಮಾಡುತ್ತದೆ. ಮೂರನೇ ತಿರುವಿಗೇ ಏದುಸಿರು.

ಈ ಪುಟ್ಟ ಸಾಧನ ಬೆಟ್ಟದಲ್ಲಿ ಕೈಹಿಡಿಯಬೇಕಾದರೆ ಮುಕ್ಕಾಲು ಪಾಲು ಕೆಲಸ ಮನೆಯಲ್ಲೇ ಮುಗಿಯಬೇಕು. ರಸ್ತೆಗೆ ಇಳಿದ ಮೇಲೆ ಒಂದೆರಡು ಅಂಕಿ ನೋಡಿದರೆ ಸಾಕು.

ಶನಿವಾರ ಸಂಜೆಯ ಕೆಲಸ

ಮೊದಲು ಕಂಪ್ಯೂಟರನ್ನು ಗಟ್ಟಿಯಾಗಿ ಕೂರಿಸಿ. ಹ್ಯಾಂಡಲ್‌ನಿಂದ ಮುಂದಕ್ಕೆ ಚಾಚಿಕೊಂಡಿರುವ ಮೌಂಟ್ ಆದರೆ ಒಳ್ಳೆಯದು. ಕತ್ತು ಜಾಸ್ತಿ ಬಗ್ಗಿಸದೆ ಓದಬಹುದು. ಜೊತೆಗೆ ಬರುವ ಪುಟ್ಟ ದಾರವನ್ನು ಹ್ಯಾಂಡಲ್‌ಗೆ ಕಟ್ಟಿಬಿಡಿ. ರೋಡ್ ಹಂಪಿನಲ್ಲಿ ಮೌಂಟ್ ಕಳಚಿದರೂ ಕಂಪ್ಯೂಟರ್ ನೆಲಕ್ಕೆ ಬೀಳುವುದಿಲ್ಲ.

ಆಮೇಲೆ ನಿಮ್ಮ ವಯಸ್ಸು, ತೂಕ ತುಂಬಿ. ಚಕ್ರಕ್ಕೆ ಸ್ಪೀಡ್ ಸೆನ್ಸರ್ ಹಾಕಿದ್ದರೆ ಚಕ್ರದ ಸುತ್ತಳತೆಯನ್ನೂ ಕೊಡಬೇಕು. 700x25 ಟೈರ್ ಆದರೆ ಅದು ಸುಮಾರು 2105 ಮಿ.ಮೀ. ಸೆನ್ಸರ್ ಬೇಕೇ ಬೇಕಾ ಅಂತ ಕೇಳುವವರಿದ್ದಾರೆ. ಸಮತಟ್ಟು ರಸ್ತೆಗೆ ಬೇಡ. ಬೆಟ್ಟಕ್ಕೆ ಇದ್ದರೆ ಚೆನ್ನ. ನಿಧಾನವಾಗಿ ಹತ್ತುವಾಗ, ಮರಗಳ ಕೆಳಗೆ, ಬಂಡೆಯ ಪಕ್ಕದ ತಿರುವಿನಲ್ಲಿ ಉಪಗ್ರಹದ ಲೆಕ್ಕ ಅಲುಗಾಡುತ್ತದೆ. ಆಗ ‘ಆಟೋ ಪಾಜ್’, ಅಂದರೆ ಸೈಕಲ್ ನಿಂತಾಗ ತಾನೇ ದಾಖಲೆ ನಿಲ್ಲಿಸುವ ಸೆಟ್ಟಿಂಗ್, ಆನ್ ಇದ್ದರೆ, ನೀವು ಬೆವರು ಸುರಿಸಿ ತುಳಿಯುತ್ತಿದ್ದರೂ ಕಂಪ್ಯೂಟರ್ ನಿಂತೇಬಿಟ್ಟಿದ್ದೀರಿ ಅಂದುಕೊಂಡು ಗಡಿಯಾರ ನಿಲ್ಲಿಸುತ್ತದೆ. ಸೆನ್ಸರ್ ಇಲ್ಲದವರು ಬೆಟ್ಟದ ದಿನ ಆಟೋ ಪಾಜ್ ಆಫ್ ಮಾಡಿ.

ಇನ್ನು ಪರದೆ. ಅಂಗಡಿಯಿಂದ ಬಂದಾಗ ಒಂದೇ ಪುಟದಲ್ಲಿ ಎಂಟು, ಹತ್ತು ಅಂಕಿ ಕಿಕ್ಕಿರಿದಿರುತ್ತವೆ. ಅದನ್ನು ಬದಲಿಸಿ. ಏರಿಗೆಂದೇ ಒಂದು ಪುಟ ಮಾಡಿಕೊಳ್ಳಿ. ಅದರಲ್ಲಿ ನಾಲ್ಕೇ ಅಂಕಿ ಇರಲಿ: ಎದೆಬಡಿತ, ಕೇಡೆನ್ಸ್ ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಪೆಡಲ್, ಏರಿನ ಶೇಕಡಾ ಅಂದರೆ ಏರು ಎಷ್ಟು ಕಡಿದು, ಕ್ರಮಿಸಿದ ದೂರ. ಎದೆಬಡಿತ ಎಲ್ಲಕ್ಕಿಂತ ಮೇಲೆ, ದೊಡ್ಡ ಅಕ್ಷರದಲ್ಲಿ. ವೇಗ ಈ ಪುಟದಲ್ಲಿ ಬೇಡವೇ ಬೇಡ.

ದಾರಿ ಗೆರೆ ಎಳೆಯುವುದು

ರೂಟ್ ಮಾಡುವುದು ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ. ಸ್ಟ್ರಾವಾ, ಕೋಮೂಟ್, ರೈಡ್ ವಿತ್ ಜಿಪಿಎಸ್, ಯಾವ ಆ್ಯಪ್ ಆದರೂ ಸರಿ. ಗೆರೆ ಎಳೆದು ಕಂಪ್ಯೂಟರಿಗೆ ಕಳಿಸಬೇಕು, ಇಲ್ಲವೇ ದಾರಿಯ ನಕ್ಷೆ ಇರುವ ಜಿಪಿಎಕ್ಸ್ ಫೈಲಾಗಿ ಇಳಿಸಿಕೊಂಡು ಸೇರಿಸಬೇಕು. ಇದು ಐದು ನಿಮಿಷದ ಕೆಲಸ. ಆ ಗೆರೆ ನಿಜವಾಗಿ ರಸ್ತೆಯ ಮೇಲೆ ಇದೆಯೇ ಅಂತ ನೋಡುವುದಕ್ಕೆ ಮಾತ್ರ ಇನ್ನೊಂದು ಹದಿನೈದು ನಿಮಿಷ ಕೊಡಿ.

ಇದನ್ನು ನಾನು ಕಲಿತದ್ದು ಗುಡಿಬಂಡೆಗೆ ಹೊರಟ ದಿನ. 44ನೇ ಹೆದ್ದಾರಿಯಲ್ಲಿ ಲಾರಿಗಳ ಪಕ್ಕ ತುಳಿಯುವುದು ಬೇಡ ಅಂತ ಹಳ್ಳಿಗಳ ನಡುವೆ ಗೆರೆ ಎಳೆದಿದ್ದೆ. ಆ್ಯಪ್ ಚೆನ್ನಾಗಿ ಜೋಡಿಸಿಯೂ ಕೊಟ್ಟಿತು. ಡಾಂಬರು ಮುಗಿದು ಮಣ್ಣುದಾರಿ ಬಂತು. ಮಣ್ಣುದಾರಿ ಮುಗಿದು ದ್ರಾಕ್ಷಿ ತೋಟದ ಬೇಲಿ ಬಂತು. ಅಲ್ಲಿಯವರೆಗೆ ಜಾಲಿಮುಳ್ಳು ಚುಚ್ಚಿ ಎರಡೂ ಟೈರ್ ಪಂಕ್ಚರ್. ಪರದೆಯಲ್ಲಿ ನೇರಳೆ ಗೆರೆ ಮಾತ್ರ ತೋಟದ ಮಧ್ಯೆ ನೇರವಾಗಿ ಹೋಗಿತ್ತು. ತೋಟದ ಯಜಮಾನರು ಬಂದು, ‘ಇದು ಟ್ರ್ಯಾಕ್ಟರ್ ಹೋಗೋ ದಾರಿ ಸ್ವಾಮಿ, ಮುಂದೆ ಏನೂ ಇಲ್ಲ’ ಅಂದರು. ನೀರು ಕೊಟ್ಟರು. ಟ್ಯೂಬ್ ಬದಲಿಸುವವರೆಗೂ ಸೈಕಲ್ ಹಿಡಿದುಕೊಂಡು ನಿಂತರು.

ಆದ್ದರಿಂದ ಹೀಗೆ ಮಾಡಿ. ಆ್ಯಪಿನಲ್ಲಿ ‘ರೋಡ್ ಸೈಕಲ್’ ಆಯ್ಕೆ ಮಾಡಿ, ಕಚ್ಚಾರಸ್ತೆ ಬೇಡ ಅಂತ ಗುರುತು ಹಾಕಿ. ಅಷ್ಟಕ್ಕೇ ನಂಬಬೇಡಿ. ಉಪಗ್ರಹದ ಚಿತ್ರ ತೆರೆದು, ಗೆರೆಯನ್ನು ಹಿಂಬಾಲಿಸಿ ಉದ್ದಕ್ಕೂ ಬನ್ನಿ. ಡಾಂಬರು ಬೂದು ಬಣ್ಣದಲ್ಲಿ ಕಾಣುತ್ತದೆ, ಮಣ್ಣು ಕೆಂಪಗೆ ಕಾಣುತ್ತದೆ. ನಮ್ಮ ಸೀಮೆಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ, ಅದು ನಮ್ಮ ಪುಣ್ಯ. ಬೇರೆ ಸೈಕಲಿಗರು ಹೆಚ್ಚಾಗಿ ಓಡಾಡಿದ ರಸ್ತೆಯನ್ನು ಬಣ್ಣದಲ್ಲಿ ತೋರಿಸುವ ‘ಹೀಟ್‌ಮ್ಯಾಪ್’ ಇದ್ದರೆ ಅದನ್ನೂ ನೋಡಿ. ಚಿಕ್ಕಬಳ್ಳಾಪುರದಿಂದ ಮುದ್ದೇನಹಳ್ಳಿ, ನಂದಿ ಗ್ರಾಮದ ಕಡೆ ಹೋಗುವ ದಾರಿ ಮೊದಲ ಸಲದ ಅಭ್ಯಾಸಕ್ಕೆ ಒಳ್ಳೆಯದು. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು, ಆಮೇಲೆ ಭೋಗನಂದೀಶ್ವರನ ಗುಡಿ. ದಾರಿ ತಪ್ಪಿದರೂ ಕೇಳಲು ಜನ ಸಿಗುತ್ತಾರೆ.

ಇನ್ನೊಂದು ಸೆಟ್ಟಿಂಗ್ ಇದೆ. ದಾರಿ ತಪ್ಪಿದಾಗ ಕಂಪ್ಯೂಟರ್ ತಾನೇ ಹೊಸ ದಾರಿ ಹುಡುಕುವುದು. ಅದನ್ನು ಆಫ್ ಮಾಡಿ. ಆನ್ ಇದ್ದರೆ, ನೀವು ಕಾಫಿಗೆ ಅಂತ ಪಕ್ಕಕ್ಕೆ ತಿರುಗಿದರೂ ಹೊಸ ಗೆರೆ ಎಳೆದು ಎಲ್ಲಿಗೋ ಕಳಿಸಬಹುದು. ‘ದಾರಿ ತಪ್ಪಿದ್ದೀರಿ’ ಅಂತ ಬೀಪ್ ಮಾಡಿದರೆ ಸಾಕು. ತಿರುಗಿ ಬಂದು ಗೆರೆ ಹಿಡಿಯುವುದು ನಮ್ಮ ಕೆಲಸ.

ಹೊರಡುವ ಮುಂಚಿನ ಎರಡು ನಿಮಿಷ

ಬೆಳಿಗ್ಗೆ ಕಂಪ್ಯೂಟರನ್ನು ಬಯಲಿಗೆ ತಂದು ಆನ್ ಮಾಡಿ, ಸುಮ್ನೆ ನಿಲ್ಲಿ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿರುತ್ತವೆ. ನಾವು ಎಲ್ಲಿದ್ದೇವೆ ಅಂತ ಲೆಕ್ಕ ಹಾಕಲು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಬೇಕು. ಕಂಪ್ಯೂಟರಿನ ಗಡಿಯಾರದ ತಪ್ಪು ಸರಿಪಡಿಸಲೆಂದೇ ಆ ನಾಲ್ಕನೆಯದು. ಪೋರ್ಟಿಕೋ ಕೆಳಗೆ, ಮಾವಿನ ಮರದ ಕೆಳಗೆ ಸಂಕೇತ ತಡವಾಗುತ್ತದೆ. ಸಿಗುವ ಮೊದಲೇ ಸ್ಟಾರ್ಟ್ ಒತ್ತಿ ಹೊರಟರೆ ಮೊದಲ ಅರ್ಧ ಕಿಲೋಮೀಟರ್ ಮನೆಗಳ ಮೇಲೆ ಹಾರಿದ ಹಾಗೆ ದಾಖಲಾಗುತ್ತದೆ. ಹಿಂದಿನ ರಾತ್ರಿ ಫೋನಿಗೆ ಜೋಡಿಸಿ ಸಿಂಕ್ ಮಾಡಿದ್ದರೆ ಉಪಗ್ರಹಗಳು ಬೇಗ ಸಿಗುತ್ತವೆ.

ಎತ್ತರ ಅಳೆಯುವ ವಿಧಾನ ಬೇರೆ. ಒಳ್ಳೆಯ ಕಂಪ್ಯೂಟರಿನಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇರುತ್ತದೆ. ಮೇಲೆ ಹೋದಷ್ಟೂ ಒತ್ತಡ ಇಳಿಯುತ್ತದೆ, ಅದರಿಂದ ಎತ್ತರ, ಎತ್ತರದಿಂದ ಏರಿನ ಶೇಕಡಾ. ಕಂಪ್ಯೂಟರ್ ತಿರುಗಿಸಿ ನೋಡಿ. ಸೂಜಿಮೊನೆಯಷ್ಟು ತೂತು ಕಾಣಬಹುದು. ಗಾಳಿ ಒಳಗೆ ಹೋಗುವುದು ಅಲ್ಲಿಂದ. ಒಮ್ಮೆ ನಡು ಏರಿನಲ್ಲಿ ನನ್ನ ಪರದೆ 0% ಅಂತ ತೋರಿಸುತ್ತಾ ಕೂತಿತ್ತು. ತೊಡೆ ಉರಿಯುತ್ತಿತ್ತು, ಅಂಕಿ ಅಲುಗಾಡಲಿಲ್ಲ. ಮನೆಗೆ ಬಂದು ನೋಡಿದರೆ ಬೆವರಿನ ಉಪ್ಪು ಆ ತೂತಿನಲ್ಲಿ ಬಿಳಿಯಾಗಿ ಗಟ್ಟಿಕಟ್ಟಿತ್ತು. ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ ಒಣಗಿಸಿದೆ, ಸರಿಹೋಯಿತು. ಪಿನ್ ಹಾಕಿ ಚುಚ್ಚಬೇಡಿ, ಒಳಗಿನ ಪೊರೆ ಹರಿಯುತ್ತದೆ.

ನಿಮ್ಮ ಅಂಕಿ ಕಂಡುಹಿಡಿಯಿರಿ

ಈಗ ನಿಜವಾದ ವಿಷಯಕ್ಕೆ ಬರೋಣ. ಎದೆಗೆ ಕಟ್ಟುವ ಪಟ್ಟಿ ತೆಗೆದುಕೊಳ್ಳಿ. ಮಣಿಕಟ್ಟಿನ ವಾಚು ಹ್ಯಾಂಡಲ್ ಹಿಡಿದಾಗ ತಪ್ಪು ಓದುವುದು ಜಾಸ್ತಿ. ಕಟ್ಟುವ ಮುಂಚೆ ಪಟ್ಟಿಯ ಒಳಗಿನ ರಬ್ಬರ್ ಭಾಗವನ್ನು ನೀರಿನಿಂದ ಒದ್ದೆ ಮಾಡಿ. ಒಣಗಿದ್ದರೆ ಬೆವರು ಬರುವವರೆಗೆ ಹುಚ್ಚುಹುಚ್ಚು ಅಂಕಿ ಬರುತ್ತವೆ.

ಗರಿಷ್ಠ ಎದೆಬಡಿತಕ್ಕೆ 220ರಿಂದ ವಯಸ್ಸು ಕಳೆಯಿರಿ ಎಂಬ ಸೂತ್ರ ಎಲ್ಲರಿಗೂ ಗೊತ್ತು. ಅದು ಸರಾಸರಿ ಲೆಕ್ಕ. ನಿಮ್ಮ ವಿಷಯದಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗಬಹುದು. ಅದಕ್ಕಿಂತ ಒಂದು ಪರೀಕ್ಷೆ ಮಾಡಿಕೊಳ್ಳುವುದು ಮೇಲು. ವಾಹನ ಕಡಿಮೆ ಇರುವ ರಸ್ತೆಯಲ್ಲಿ ಚೆನ್ನಾಗಿ ಮೈ ಬೆಚ್ಚಗೆ ಮಾಡಿಕೊಂಡು, 30 ನಿಮಿಷ ಒಂದೇ ಸಮನೆ ಎಷ್ಟು ಜೋರಾಗಿ ಆಗುತ್ತದೋ ಅಷ್ಟು ತುಳಿಯಿರಿ. ಹತ್ತನೇ ನಿಮಿಷಕ್ಕೆ ಲ್ಯಾಪ್ ಬಟನ್ ಒತ್ತಿ, ಅಲ್ಲಿಂದ ಸರಾಸರಿಯ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಕೊನೆಯ 20 ನಿಮಿಷದ ಸರಾಸರಿ ಎದೆಬಡಿತವೇ ನಿಮ್ಮ ಮಿತಿ, ಅಂದರೆ ಹೆಚ್ಚು ಹೊತ್ತು ತಾಳಿಕೊಂಡು ತುಳಿಯಬಹುದಾದ ಬಡಿತ; ಗರಿಷ್ಠ ಬಡಿತ ಅಲ್ಲ. ನಲವತ್ತು ದಾಟಿದವರು, ಬಿಪಿ, ಸಕ್ಕರೆ, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಈ ಪರೀಕ್ಷೆಗೆ ಇಳಿಯಬೇಡಿ.

ನನ್ನದು 165. ಮುಂದೆ ಬರುವ ಬಡಿತದ ಅಂಕಿಗಳೆಲ್ಲ ನನ್ನ ಲೆಕ್ಕ, ನಿಮ್ಮ ಮಿತಿಗೆ ತಕ್ಕಂತೆ ಬದಲಿಸಿಕೊಳ್ಳಿ. 165ರ 81ರಿಂದ 89 ಪರ್ಸೆಂಟ್, ಅಂದರೆ 134ರಿಂದ 147, ಆರಾಮದ ಸವಾರಿ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಬಹುದು. ವಾರದ ಹೆಚ್ಚಿನ ಸವಾರಿ ಇಲ್ಲೇ ಇರಲಿ. ಆಷಾಢದ ಗಾಳಿ ಎದುರಿಗೆ ಬೀಸುವಾಗ ವೇಗ 16ಕ್ಕೆ ಇಳಿಯುತ್ತದೆ, ವಾಪಸ್ ಬರುವಾಗ 32ಕ್ಕೆ ಏರುತ್ತದೆ. ಎರಡೂ ಕಡೆ ಎದೆಬಡಿತ 140ರ ಹತ್ತಿರ ಇದ್ದರೆ ನೀವು ಸರಿಯಾಗಿಯೇ ತುಳಿಯುತ್ತಿದ್ದೀರಿ.

ಬೆಟ್ಟದ ಮೇಲೆ

ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್. ಏರು ಏಳೂವರೆ ಕಿಲೋಮೀಟರ್ ಆಸುಪಾಸು, ಸರಾಸರಿ 6% ಹತ್ತಿರ. ಅಂದರೆ ನೂರು ಮೀಟರ್ ಮುಂದೆ ಹೋದರೆ ಆರು ಮೀಟರ್ ಮೇಲೆ. ಆದರೆ ಒಂದೇ ಸಮ ಇಲ್ಲ, ತಿರುವಿನ ಒಳಬದಿಯಲ್ಲಿ ಕಡಿದು.

ಇಲ್ಲಿ ಎಲ್ಲರೂ ಎಡವುವುದು ಮೊದಲ ಎರಡು ಕಿಲೋಮೀಟರಿನಲ್ಲಿ. ಕಾಲು ತಾಜಾ ಇರುತ್ತದೆ, ಪಕ್ಕದಲ್ಲಿ ಯಾರೋ ದಾಟಿ ಹೋಗುತ್ತಾರೆ. ನೀವೂ ಜೋರು ಮಾಡುತ್ತೀರಿ. ಪರದೆ ನೋಡಿದರೆ ಎದೆಬಡಿತ ಇನ್ನೂ 138. ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ? ಎದೆಬಡಿತ ಕಾಲಿನ ಹಿಂದೆ ಬರುತ್ತದೆ. ಈಗ ಹಾಕಿದ ಜೋರು ಪರದೆಯಲ್ಲಿ ಕಾಣಲು ಅರ್ಧ ನಿಮಿಷವೋ ಒಂದು ನಿಮಿಷವೋ ಬೇಕು. ಅಷ್ಟರಲ್ಲಿ ನೀವು ಖರ್ಚು ಮಾಡಿಬಿಟ್ಟಿರುತ್ತೀರಿ. ಆದ್ದರಿಂದ ಮೊದಲ ಐದು ನಿಮಿಷ ಅಂಕಿಯನ್ನು ನಂಬದೆ ಉಸಿರನ್ನು ಕೇಳಿ. ಮಾತಾಡಲು ಆಗಬೇಕು. ಆಮೇಲೆ 150ರ ಸುತ್ತ ಕೂರಿಸಿ, ಅಲ್ಲೇ ಹಿಡಿದಿಡಿ. ತಿರುವಿನಲ್ಲಿ ಏರು 9, 10% ತೋರಿಸಿತೋ, ಮೊದಲೇ ಗಿಯರ್ ಇಳಿಸಿ. ಕೇಡೆನ್ಸ್ 70ಕ್ಕಿಂತ ಕೆಳಗೆ ಬಿದ್ದರೆ ಮಂಡಿಯ ಮೇಲೆ ಭಾರ. ತಿರುವಿನ ಹೊರಬದಿ ಸಪಾಟು ನಿಜ, ಆದರೆ ಎದುರು ಬರುವ ಕಾರುಗಳಿವೆ, ನಿಮ್ಮ ಬದಿ ಬಿಡಬೇಡಿ.

ಕೊನೆಯ ಎರಡು ಕಿಲೋಮೀಟರಿಗೆ ಬಂದಾಗ 160ಕ್ಕೆ ಬಿಡಿ. ಆಗ ನೋಡಿ, ಬುಡದಲ್ಲಿ ದಾಟಿ ಹೋದವರು ಕಲ್ಲಿನ ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಿರುತ್ತಾರೆ.

ಇಳಿಯುವಾಗ ಪರದೆಯ ಕಡೆ ಕಣ್ಣು ಹಾಯಿಸಲೇಬೇಡಿ. ಮಂಜು, ಒದ್ದೆ ರಸ್ತೆ, ಕಾರುಗಳು, ತಿರುವಿನಲ್ಲಿ ಧುತ್ತೆಂದು ಇಳಿಯುವ ಮಂಗಗಳು. ಇಳಿಜಾರಿನ ವೇಗದ ದಾಖಲೆಗೆ ಯಾರೂ ಪ್ರಾಣ ಒತ್ತೆ ಇಡಬಾರದು.

ಮನೆಗೆ ಬಂದ ಮೇಲೆ

ಫೈಲ್ ಫೋನಿಗೆ ಬಂದಿರುತ್ತದೆ. ಹಂಚಿಕೊಳ್ಳುವ ಮುಂಚೆ ನಿಮ್ಮ ಮನೆಯ ಸುತ್ತಲಿನ ದಾರಿ ಕಾಣದ ಹಾಗೆ ಆ್ಯಪಿನಲ್ಲಿ ಮರೆಮಾಡಿ. ಸೈಕಲ್ ಎಲ್ಲಿ ನಿಲ್ಲುತ್ತದೆ ಅಂತ ಊರಿಗೆಲ್ಲ ತಿಳಿಯಬೇಕಾಗಿಲ್ಲ.

ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆಯಿರಿ: ತಾರೀಖು, ಬೆಟ್ಟ ಹತ್ತಲು ಹಿಡಿದ ಸಮಯ, ಆ ಹೊತ್ತಿನ ಸರಾಸರಿ ಎದೆಬಡಿತ. ಎರಡು ಮೂರು ತಿಂಗಳು ಬಿಟ್ಟು ಅದೇ ಬುಡದಿಂದ ಅದೇ ಎದೆಬಡಿತದಲ್ಲಿ ಹತ್ತಿ. ನನ್ನ ನೋಟ್‌ಬುಕ್ಕಿನಲ್ಲಿ ಜೂನ್ ಸಾಲಿನಲ್ಲಿ 56 ನಿಮಿಷ ಅಂತ ಇದೆ, ಅಕ್ಟೋಬರ್ ಸಾಲಿನಲ್ಲಿ 51. ಎರಡೂ ಸಲ ಎದೆಬಡಿತ 152.